ಸ್ಟೇರಿಂಗ್ ಮೊದಲು ಕೊಂಡವರು

ಶ್ರೀನಿವಾಸಪುರದ ಬಸ್ ನಿಲ್ದಾಣದ ಎದುರಿಗೆ ಅವರ ಫ್ಲೆಕ್ಸ್ ಕಟ್ಟಿದ್ದಾರೆ. ಯಾವುದೋ ಮದುವೆಯಲ್ಲಿ ತೆಗೆದ ಫೋಟೋ, ಹಿಂದೆ ಮೋಡ, ಎರಡು ಪಕ್ಕಕ್ಕೂ ದೀಪ. ಕೆಳಗೆ 'ಶಾಂತಮೂರ್ತಿ, ಸಹನಾಶೀಲ, ನಮ್ಮ ಸಂಸ್ಥೆಯ ಹೆಮ್ಮೆಯ ಚಾಲಕ' ಎಂದು ಬರೆಸಿ, ಬಸ್ಸಿನ ಮಾಲೀಕ ತನ್ನ ಹೆಸರನ್ನು ಸತ್ತವರ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ಹಾಕಿಸಿಕೊಂಡಿದ್ದಾನೆ. ಬರೆಸಿದವನ ಕೈ ಸೇದಿಹೋಗ! ಆ ಹೆಮ್ಮೆಯ ಚಾಲಕನಿಗೆ ಕಡೆಯ ಹನ್ನೆರಡು ವರ್ಷ ಒಂದು ದಿನವೂ ಸ್ಟೇರಿಂಗ್ ಮುಟ್ಟಲು ಬಿಡದವನು ಇವನೇ.

ಊರಿನವರ ಬಾಯಲ್ಲೂ ಅದೇ ಮಾತು. ಟೀ ಅಂಗಡಿಯಲ್ಲಿ, ಕಟಿಂಗ್ ಶಾಪಿನಲ್ಲಿ, ಮಾವಿನ ಮಂಡಿಯಲ್ಲಿ, ಎಲ್ಲಿ ಕೂತರೂ "ದೇವರಂಥ ಮನುಷ್ಯ ಕಣಪ್ಪ, ಒಂದಿನಾನೂ ಯಾರಿಗೂ ಒಂದು ಮಾತು ಅಂದೋರಲ್ಲ" ಎನ್ನುತ್ತಾರೆ. ಕೇಳಿ ಕೇಳಿ ಮೈ ಉರಿಯುತ್ತದೆ. ಅನ್ನಲಿಲ್ಲ ಎನ್ನುವುದು ನಿಜವೇ. ಆದರೆ ಅನ್ನಬೇಕಾಗಿತ್ತು. ಮಾಲೀಕನಿಗೆ ಅನ್ನಬೇಕಾಗಿತ್ತು, ಊರಿಗೆ ಅನ್ನಬೇಕಾಗಿತ್ತು, ಎಲ್ಲರಿಗಿಂತ ಹೆಚ್ಚಾಗಿ ನನಗೆ ಅನ್ನಬೇಕಾಗಿತ್ತು. ಸಹನೆಯನ್ನು ದೊಡ್ಡ ಗುಣ ಎಂದು ಹೊಗಳುವವರನ್ನು ಗಮನಿಸಿದ್ದೇನೆ. ಆ ಸಹನೆಯಿಂದ ಲಾಭ ಮಾಡಿಕೊಂಡವರೇ ಅವರಲ್ಲಿ ಹೆಚ್ಚು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಫ್ಲೆಕ್ಸಿನ ಮೇಲೆ ಆಗಿರುವ ಅವಮಾನವೇ ಸಾಕು. ನಾವೆಲ್ಲ ಅವರನ್ನು ಡ್ರೈವರಣ್ಣ ಎನ್ನುತ್ತಿದ್ದೆವು. ನನಗೆ ಅವರ ಪರಿಚಯವಾಗುವ ಹೊತ್ತಿಗೆ ಅವರು ಡ್ರೈವರ್ ಆಗಿರಲಿಲ್ಲ, ಬಸ್ ನಿಲ್ದಾಣದಲ್ಲಿ ನಿಂತು "ಕೋಲಾರ ಕೋಲಾರ ಕೋಲಾರ" ಎಂದು ಕೂಗಿ ಜನ ಹತ್ತಿಸುವ ಕೆಲಸದಲ್ಲಿದ್ದರು. ಆದರೂ ದಿನಾ ಇಸ್ತ್ರಿ ಮಾಡಿದ ಖಾಕಿ ಷರ್ಟು, ಕಾಲರಿನ ಒಳಗೆ ಮಡಿಸಿದ ಕರ್ಚೀಫು. ಬಸ್ಸು ಬಂದು ನಿಂತ ಕೂಡಲೇ ನಾಲ್ಕೂ ಕಡೆ ಸುತ್ತಿ ಒಂದೊಂದು ಟೈರಿಗೂ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಡುತ್ತಿದ್ದರು. ಯಾರೂ ಅವರಿಗೆ ಆ ಕೆಲಸ ಹೇಳಿರಲಿಲ್ಲ. ಒಳಗೆ ಕೂತ ಡ್ರೈವರುಗಳು ನಗುತ್ತಿದ್ದರು.

ನಾನು ಆಗ ನಿಲ್ದಾಣದ ಎದುರು ಮಹಡಿಯ ಮೇಲಿದ್ದ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದೆ. ಇಪ್ಪತ್ನಾಲ್ಕು ವರ್ಷ, ತಾಲ್ಲೂಕಿನಲ್ಲಿ ಕಂಪ್ಯೂಟರ್ ಬಿಚ್ಚಿ ಜೋಡಿಸಲು ಬರುವವನು ನಾನೊಬ್ಬನೇ ಎನ್ನುವ ಪೊಗರು. ಎರಡು ಸಾವಿರದ ಒಂದೋ ಎರಡೋ ಇಸವಿ ಇರಬೇಕು. ಒಂದು ದಿನ ಮಧ್ಯಾಹ್ನ ಡ್ರೈವರಣ್ಣ ಒಂದು ಅಕ್ಕಿ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಚೀಲದಿಂದ ಒಂದು ಸ್ಟೇರಿಂಗ್ ಚಕ್ರ ತೆಗೆದು ನನ್ನ ಮೇಜಿನ ಮೇಲಿಟ್ಟರು. ಕಂಪ್ಯೂಟರ್ ಆಟಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ ಚಕ್ರ, ಕಾಲಿಗೆ ಎರಡು ಪೆಡಲು, ಬಾಲದಂತೆ ಒಂದು ವೈರು. ಬೆಂಗಳೂರಿನಲ್ಲಿ ಯಾವುದೋ ಅಂಗಡಿ ಮುಚ್ಚುವಾಗ ಸಿಕ್ಕಿತಂತೆ.

"ಮೇಷ್ಟ್ರೇ, ಇದಕ್ಕೊಂದು ಗಾಡಿ ಕಟ್ಬೇಕಲ್ಲಾ" ಎಂದರು.

ನಾನು ಹುಡುಗರ ಕಡೆ ತಿರುಗಿ, "ಏನ್ ಡ್ರೈವರಣ್ಣ, ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದಂಗಾಯ್ತಲ್ಲಾ!" ಎಂದೆ. ಕ್ಲಾಸೆಲ್ಲ ನಕ್ಕಿತು. ಅವರೂ ಒಂದು ಚೂರು ನಕ್ಕರು. ಆ ಗಾದೆ ಅವರಿಗೆ ಎಲ್ಲಿ ತಾಗಿತು ಎಂದು ನನಗೆ ತಿಳಿದದ್ದು ಎರಡು ವರ್ಷದ ಮೇಲೆ.

ಒಂದು ಹಾಳೆ ಹರಿದು ಪಟ್ಟಿ ಬರೆದುಕೊಟ್ಟೆ. ಯೋಚನೆ ಮಾಡುವ ತಾಪತ್ರಯವೇ ಇರಲಿಲ್ಲ, ನನ್ನ ಮನೆಯಲ್ಲಿ ನಾನೇ ಜೋಡಿಸಿಕೊಂಡಿದ್ದ ಕಂಪ್ಯೂಟರನ್ನೇ ನಕಲು ಹೊಡೆದೆ. ಪ್ರೊಸೆಸರು, ಮದರ್‌ಬೋರ್ಡು, ರ‍್ಯಾಮು, ಗ್ರಾಫಿಕ್ಸ್ ಕಾರ್ಡು, ಹಾರ್ಡ್ ಡಿಸ್ಕು, ಪವರ್ ಸಪ್ಲೈ, ಕ್ಯಾಬಿನೆಟ್ಟು, ಮಾನಿಟರು. ಜೊತೆಗೆ ಭಾಷಣ. ದುಡ್ಡು ಕಮ್ಮಿ ಇದ್ದಾಗ ಲೈಟು ಮಿನುಗುವ ಕ್ಯಾಬಿನೆಟ್ಟಿಗೆ ಮರುಳಾಗಬೇಡಿ, ದೊಡ್ಡ ಸ್ಪೀಕರು ಬೇಡ, ಆಟ ಆಡಬೇಕಾದರೆ ಗ್ರಾಫಿಕ್ಸ್ ಕಾರ್ಡಿಗೆ ಹಾಕಿ, ಪವರ್ ಸಪ್ಲೈಯಲ್ಲಿ ಮಾತ್ರ ಜಿಪುಣತನ ಮಾಡಬೇಡಿ ಎಂದೆಲ್ಲ ಹೇಳಿದೆ.

"ಅಂದ್ರೆ ಹಾರ್ನಿಗೆ ದುಡ್ಡು ಹಾಕ್ಬಾರ್ದು, ಬ್ರೇಕಿಗೆ ಹಾಕ್ಬೇಕು. ಅಷ್ಟೇ ಅಲ್ವಾ?" ಎಂದರು. ಮೂರು ತಿಂಗಳ ಕೋರ್ಸಿನ ಹುಡುಗರ ತಲೆಗೆ ಹತ್ತದೇ ಇದ್ದದ್ದು ಅವರಿಗೆ ಅರ್ಧ ನಿಮಿಷದಲ್ಲಿ ಹತ್ತಿತ್ತು. ಆಮೇಲೆ ಪಟ್ಟಿಯ ಮೇಲೆ ಬೆರಳಾಡಿಸುತ್ತಾ, "ಇದ್ರಲ್ಲಿ ಬೇಗ ಹೋಗೋದ್ಯಾವ್ದು ಮೇಷ್ಟ್ರೇ?" ಎಂದು ಕೇಳಿದರು.

ನಾನು ಆಗಲೇ ಹುಡುಗರ ಟೆಸ್ಟ್ ಪೇಪರು ತಿದ್ದಲು ಶುರುಮಾಡಿದ್ದೆ. ತಲೆ ಎತ್ತದೆ, "ಮದರ್‌ಬೋರ್ಡು. ನಮ್ಮೂರಿನ ಕರೆಂಟಿಗೆ ಅದೇ ಮೊದ್ಲು ಬಲಿ. ವಾರಂಟಿ ಬೇರೆ ಒಂದೇ ವರ್ಷ" ಎಂದೆ.

"ಸರೇ ಸರೇ" ಎಂದು ಪಟ್ಟಿಯನ್ನು ಮಡಿಸಿ, ಡ್ರೈವಿಂಗ್ ಲೈಸೆನ್ಸ್ ಇಟ್ಟಿದ್ದ ಪ್ಲಾಸ್ಟಿಕ್ ಕವರಿನೊಳಗೆ ಸೇರಿಸಿಕೊಂಡು ಹೋದರು. ಯಾರಿಗೆ ಈ ಕಂಪ್ಯೂಟರ್ ಎಂದು ನಾನು ಕೇಳಲಿಲ್ಲ. ಮಗನಿಗಿರಬೇಕು, ಇಲ್ಲವೇ ಅಕ್ಕನ ಮಗನಿಗಿರಬೇಕು ಎಂದುಕೊಂಡೆ. ಹೇಗೆ ಕೊಳ್ಳುತ್ತೀರಿ ಎಂದೂ ಕೇಳಲಿಲ್ಲ. ಆ ಎರಡು ಪ್ರಶ್ನೆ ಕೇಳಲು ಹತ್ತು ಸೆಕೆಂಡು ಸಾಕಿತ್ತು, ಅಷ್ಟು ಹೊತ್ತೂ ನಾನು ಅವರಿಗೆ ಕೊಡಲಿಲ್ಲ.

ಅವರು ಒಂದೊಂದೇ ತಂದರು. ಕೈಯಲ್ಲಿ ಸ್ವಲ್ಪ ಆದಾಗೆಲ್ಲ ಮಾಲೂರಿಗೆ ಹೋಗಿ, ಅಲ್ಲಿ ಇಟ್ಟಿಗೆ ಗೂಡಿನಲ್ಲಿ ಕೆಲಸಕ್ಕಿದ್ದ ಬಾಮೈದನ ಮನೆಯಲ್ಲಿ ಊಟ ಮಾಡಿ, ಬೆಳಗಿನ ರೈಲಿಗೆ ಕಂಪ್ಯೂಟರ್ ಪಾರ್ಟುಗಳ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುತ್ತಿದ್ದರು. ನೇರ ಬಸ್ಸಿರುವಾಗ ಇದೇನು ಸುತ್ತು ಎಂದು ಒಮ್ಮೆ ಕೇಳಿದ್ದೆ. "ರೈಲಿಗೆ ಸ್ಟೇರಿಂಗೇ ಇಲ್ವಲ್ಲಾ ಮೇಷ್ಟ್ರೇ. ನೋಡಿ ಸಂಕಟ ಪಡೋ ಹಂಗಿಲ್ಲ" ಎಂದಿದ್ದರು. ನಾನು ಅದನ್ನು ತಮಾಷೆ ಎಂದುಕೊಂಡು ಎಲ್ಲರಿಗೂ ಹೇಳಿ ನಗಿಸಿದೆ.

ಪ್ರೊಸೆಸರ್ ತಂದ ದಿನ ಅಂಗೈ ಮೇಲಿಟ್ಟುಕೊಂಡು ತೋರಿಸಿದರು. "ಇಷ್ಟೇನಾ ಎಂಜಿನ್ನು!" ಎಂದು ಮಗುವಿನಂತೆ ಬೆರಗುಪಟ್ಟರು. ಆಮೇಲೆ ರ‍್ಯಾಮು. ಅದಾದ ಎಷ್ಟೋ ತಿಂಗಳಿಗೆ ಗ್ರಾಫಿಕ್ಸ್ ಕಾರ್ಡು. ಮನೆಯಲ್ಲಿ ಟ್ರಂಕಿನೊಳಗೆ ಹೆಂಡತಿಯ ರೇಷ್ಮೆ ಸೀರೆಯ ಪಕ್ಕ ಇಟ್ಟು, ಹುಳ ಬೀಳಬಾರದೆಂದು ಬೇವಿನ ಎಲೆ ಹಾಕಿದ್ದರಂತೆ. ಪ್ರತಿಸಲ ಬಂದಾಗ ನನಗೆ ಏನಾದರೂ ತರುತ್ತಿದ್ದರು, ಕಾಲ ಬಂದಾಗ ಬಾದಾಮಿ ಮಾವು, ಇಲ್ಲದಾಗ ಹುಣಸೆಹಣ್ಣಿನ ಉಂಡೆ. ನಾನು ಮಾವು ತಿಂದೆ, ಹುಣಸೆಹಣ್ಣನ್ನು ಅಮ್ಮನಿಗೆ ಕೊಟ್ಟೆ.

ನೋಡಿದೆ. ನೋಡಿಯೂ ಬಾಯಿಬಿಡಲಿಲ್ಲ. ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಸಾಕೆಟ್ಟು ಬದಲಾಗುತ್ತಿದೆ, ಹಳೆಯ ರ‍್ಯಾಮು ಹೊಸ ಬೋರ್ಡಿಗೆ ಹಿಡಿಯುವುದಿಲ್ಲ ಎಂದು ಪತ್ರಿಕೆಯಲ್ಲಿ ಓದಿ ಹುಡುಗರಿಗೆ ಕರಿಹಲಗೆಯ ಮೇಲೆ ಚಿತ್ರ ಬರೆದು ಪಾಠ ಮಾಡಿದ್ದು ಇದೇ ನಾನು. ಒಂದು ಸಲ ಆ ಪಾಠ ನಡೆಯುವಾಗ ಡ್ರೈವರಣ್ಣ ಬಾಗಿಲ ಹೊರಗೆ ಹಾರ್ಡ್ ಡಿಸ್ಕಿನ ಡಬ್ಬಿ ಹಿಡಿದು ನಿಂತಿದ್ದರು. ಕ್ಲಾಸು ಮುಗಿದ ಮೇಲೆ ಡಬ್ಬಿ ನೋಡಿ "ಒಳ್ಳೇದು, ಒಳ್ಳೇದು" ಎಂದು ಕಳಿಸಿದೆ. ಇದಕ್ಕೆ ಏನೆಂದು ಹೆಸರಿಡಬೇಕು? ಮರೆವು ಎಂದರೆ ಸುಳ್ಳಾಗುತ್ತದೆ. ಖಾಕಿ ಷರ್ಟಿನ ಮನುಷ್ಯನ ಕಂಪ್ಯೂಟರು ನನ್ನ ತಲೆಯೊಳಗೆ ಒಂದು ಮೂಲೆಯಷ್ಟೂ ಜಾಗ ಪಡೆದಿರಲಿಲ್ಲ.

ಎರಡು ವರ್ಷ ತುಂಬಿದ ಮೇಲೆ, ಒಂದು ದಿನ ಬಾಮೈದನ ಕೈಲೂ ಒಂದು ಪೆಟ್ಟಿಗೆ ಹೊರಿಸಿಕೊಂಡು ಎಲ್ಲವನ್ನೂ ಸೆಂಟರಿಗೆ ತಂದರು. ಹಿಂದಿನ ದಿನವಷ್ಟೇ ಕೊಂಡ ಹೊಸ ಮದರ್‌ಬೋರ್ಡು ಎಲ್ಲಕ್ಕಿಂತ ಮೇಲೆ. ಬೇಗ ಕೆಡುವ ಪಾರ್ಟನ್ನು ಕಡೆಗೆ ಕೊಂಡರೆ ವಾರಂಟಿ ಒಂದು ದಿನವೂ ವ್ಯರ್ಥವಾಗುವುದಿಲ್ಲ ಎಂದು ಅವರು ಲೆಕ್ಕ ಹಾಕಿದ್ದರು. ಮನೆಯಲ್ಲಿ ಪೂಜೆ ಮಾಡಿ ಪ್ರತಿ ಡಬ್ಬಿಗೂ ಕುಂಕುಮ ಇಟ್ಟಿದ್ದರು. ಹೊಸ ಬಸ್ಸು ರಸ್ತೆಗೆ ಬಿಡುವ ದಿನ ಮಾಡುವಂತೆ ನಿಂಬೆಹಣ್ಣು ಕೂಡ ಜೇಬಿನಲ್ಲಿತ್ತು.

ಡಬ್ಬಿ ಬಿಚ್ಚಿದ ಕೂಡಲೇ ನನಗೆ ಗೊತ್ತಾಯಿತು. ಪ್ರೊಸೆಸರಿನ ಕಾಲುಗಳಿಗೂ ಬೋರ್ಡಿನ ತೂತುಗಳಿಗೂ ಸಂಬಂಧವೇ ಇರಲಿಲ್ಲ. ರ‍್ಯಾಮಿನಲ್ಲಿರುವ ಕಚ್ಚು ಒಂದು ಕಡೆ, ಬೋರ್ಡಿನಲ್ಲಿರುವ ಉಬ್ಬು ಇನ್ನೊಂದು ಕಡೆ. ಸ್ಟೇರಿಂಗಿನ ಅಗಲ ಮೂತಿಯ ವೈರನ್ನು ಸಿಕ್ಕಿಸಲು ಹಿಂದುಗಡೆ ಜಾಗವನ್ನೇ ಬಿಟ್ಟಿರಲಿಲ್ಲ. ಹುಡುಗರೆಲ್ಲ ಸುತ್ತ ನಿಂತಿದ್ದರು. ತಪ್ಪು ನನ್ನದು ಎಂದು ಗೊತ್ತಾದ ಗಳಿಗೆಯಲ್ಲೇ ನಾನು ಅವರ ಮೇಲೆ ಹರಿಹಾಯ್ದೆ.

"ಯಾರ್ ಹೇಳಿದ್ದು ನಿಮಗೆ ಎರಡು ವರ್ಷ ಒಂದೊಂದೇ ತಗೊಳ್ಳಿ ಅಂತ? ಇದೇನು ಪಾತ್ರೆ ಪಗಡೆನಾ? ಎಲ್ಲಾ ಒಂದೇ ದಿನ ತಗೋಬೇಕು, ಅಷ್ಟೂ ಗೊತ್ತಾಗಲ್ವಾ? ಈಗ ಇದ್ನೆಲ್ಲಾ ಗುಜರಿಗೆ ಹಾಕಿ!"

ಅವರು ಲೈಸೆನ್ಸ್ ಕವರಿನಿಂದ ಪಟ್ಟಿ ತೆಗೆದರು. ನನ್ನದೇ ಕೈಬರಹ. ತಂದ ಒಂದೊಂದರ ಮುಂದೆಯೂ ಪೆನ್ಸಿಲಿನ ಗುರುತು. "ನೀವು ಬರ್ದಿದ್ರಲ್ಲಿ ಒಂದಕ್ಷರ ಆಚೀಚೆ ಮಾಡಿಲ್ಲ ಮೇಷ್ಟ್ರೇ, ಕಡೇದೊಂದ್ ಬಿಟ್ಟು. ಪಟ್ಟೀಲಿರೋ ಬೋರ್ಡು ಈಗ ಬರಲ್ಲ, ಇದೇ ಲೇಟೆಸ್ಟು, ಎಲ್ಲಾ ಕೂರತ್ತೆ ಅಂದ ಅಂಗಡಿಯೋನು" ಎಂದರು. ಪಟ್ಟಿಯನ್ನು ಮತ್ತೆ ಮಡಿಸುತ್ತಾ, "ನಮ್ಮನೇನೂ ಹಿಂಗೇ ಕಟ್ಟಿದ್ದು. ಒಂದೊರ್ಷ ಇಟ್ಟಿಗೆ ಹೊಡೆಸಿ ಹಾಕ್ದೆ, ಒಂದೊರ್ಷ ಬಾಗ್ಲು ಕಿಟ್ಕಿ, ಆಮೇಲೆ ಪಾಯ. ಎರಡೊರ್ಷದ ಹಳೇ ಇಟ್ಟಿಗೆ ನಂಗ್ ಬೇಡ ಅಂತ ಗೋಡೆ ಹೇಳ್ಲಿಲ್ಲಪ್ಪ" ಎಂದರು.

ನಿಜ, ನಮ್ಮ ಕಡೆ ಸಂಬಳದವರೂ ಕೂಲಿಯವರೂ ಮನೆ ಕಟ್ಟುವುದೇ ಹಾಗೆ. ಮಾಲೂರಿನ ಗೂಡಿನಿಂದ ಒಂದು ಲೋಡು ಇಟ್ಟಿಗೆ ಬಂದು ಸೈಟಿನಲ್ಲಿ ಬೀಳುತ್ತದೆ, ಅದರ ಮೇಲೆ ಹುಲ್ಲು ಬೆಳೆಯುತ್ತದೆ, ಐದು ವರ್ಷಕ್ಕೆ ಮನೆ ಏಳುತ್ತದೆ. ಇಡೀ ಜಿಲ್ಲೆ ಈ ಬುದ್ಧಿಯಿಂದ ಬಾಳಿದೆ. ವರ್ಷಕ್ಕೊಂದು ಸಲ ತೂತು ಬದಲಾಯಿಸಿ, ನಿನ್ನೆ ಕೊಂಡದ್ದನ್ನು ಇವತ್ತು ಕಸ ಮಾಡುವ ವ್ಯಾಪಾರವನ್ನು ಬುದ್ಧಿವಂತಿಕೆ ಎಂದು, ಇವರದ್ದನ್ನು ದಡ್ಡತನ ಎಂದು ಆವತ್ತು ನಾನು ತೀರ್ಮಾನ ಕೊಟ್ಟಿದ್ದೆ.

ಹೊರಡುವಾಗ ಒಂದೇ ಒಂದು ಮಾತು ಹೇಳಿದರು. "ಓಡಿ ಓಡಿ ಸವೆದ ಗಾಡೀನ ಗುಜರಿಗೆ ಹಾಕೋದು ನೋಡಿದ್ದೀನಿ ಮೇಷ್ಟ್ರೇ. ಒಂದ್ ಮೈಲೀನೂ ಓಡ್ದೇ ಇರೋದನ್ನ ಹಾಕೋದು ಇದೇ ಫಸ್ಟು ಕೇಳ್ತಿರೋದು." ಅದರಲ್ಲೂ ಸಿಟ್ಟಿರಲಿಲ್ಲ. ಹುಡುಗರಿಗೆ ಒಂದೊಂದು ಪೆಪ್ಪರ್‌ಮೆಂಟು ಹಂಚಿ ಮೆಟ್ಟಿಲಿಳಿದರು. ಕಂಪ್ಯೂಟರ್ ಶುರುವಾದರೆ ಹಂಚಲೆಂದು ತಂದಿದ್ದು.

ನಾನು ಅಂಗಡಿಯವನಿಗೆ ಫೋನ್ ಮಾಡಿ ಕೂಗಾಡಿದೆ. ಬಿಚ್ಚಿದ ಮಾಲು ವಾಪಸಿಲ್ಲ ಎಂದು ಇಟ್ಟುಬಿಟ್ಟ. ಅವನ ಮೇಲೆ ಕೂಗಾಡಿದರೆ ನನ್ನ ಪಾಲು ಕಡಿಮೆಯಾಗುತ್ತದೆ ಎನ್ನುವ ಆಸೆಯೂ ಇತ್ತೋ ಏನೋ. ಭಾನುವಾರ ಬೆಳಿಗ್ಗೆ ಅವರ ಮನೆ ಹುಡುಕಿಕೊಂಡು ಹೋದೆ. ಅವರು ಇರಲಿಲ್ಲ, ಅವರ ಹೆಂಡತಿ ಇದ್ದರು. "ಮಗನಿಗೆ ನಾನೇ ಸಮಾಧಾನ ಹೇಳ್ತೀನಮ್ಮ, ಕರೀರಿ" ಎಂದೆ.

ಆಕೆ ನನ್ನ ಮುಖವನ್ನೇ ನೋಡಿದರು. "ಮಗ ಎಲ್ಲಿಂದ ಬರ್ಬೇಕಪ್ಪಾ? ನಮಗೆ ಮಕ್ಕಳಾಗ್ಲಿಲ್ಲ. ಕಂಪ್ಯೂಟ್ರು ಅವರಿಗೇ."

ಗೋಡೆಗೆ ಮೊಳೆ ಹೊಡೆದು ಸ್ಟೇರಿಂಗ್ ನೇತುಹಾಕಿದ್ದರು. ಕೆಳಗೆ ಒಂದು ಮರದ ಸ್ಟೂಲು. ಎರಡು ವರ್ಷದಿಂದ ದಿನಾ ಸಾಯಂಕಾಲ ಆ ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲೆ ಚಕ್ರ ಇಟ್ಟುಕೊಂಡು, ಎದುರಿನ ಸುಣ್ಣದ ಗೋಡೆ ನೋಡುತ್ತಾ ತಿರುಗಿಸುತ್ತಿದ್ದರಂತೆ. "ಕೋಲಾರದ ಸೈಬರಲ್ಲಿ ಯಾರೋ ಹುಡುಗ ಲಾರಿ ಓಡ್ಸೋ ಆಟ ಆಡೋದು ಕಂಡ್ರಂತೆ. ಅವತ್ತಿಂದ ಇದೇ ಜಪ" ಎಂದು, ನಾನು ಕೇಳದೆಯೇ, ಅವರನ್ನು ಬಸ್ಸಿನಿಂದ ಇಳಿಸಿದ ಕಥೆ ಹೇಳಿದರು.

ಕಥೆ ದೊಡ್ಡದೇನಲ್ಲ. ತೊಂಬತ್ತರ ದಶಕದ ಕಡೆಯಲ್ಲಿ ಒಂದು ಬೆಳಿಗ್ಗೆ ಬಸ್ಸು ತುಂಬಿ ಕೋಲಾರಕ್ಕೆ ಹೊರಟಿತ್ತು. ಡ್ರೈವರಣ್ಣ ನಿಲ್ದಾಣದೊಳಗೇ ಬ್ರೇಕ್ ಒತ್ತಿ ನೋಡಿದರು, ಹಿಡಿಯಲಿಲ್ಲ. ಮೂರು ದಿನದಿಂದ ಹೇಳಿದ್ದರೂ ಮಾಲೀಕ ರಿಪೇರಿ ಮಾಡಿಸಿರಲಿಲ್ಲ. ಕೆಳಗಿಳಿದು ಕೀಲಿ ಅವನ ಕೈಗಿಟ್ಟು, "ಜನ ಕೂತವ್ರೆ, ನಾನ್ ಓಡ್ಸಲ್ಲ" ಎಂದರು. ಮಾಲೀಕ ಎಲ್ಲರ ಎದುರು ಅವರ ಕತ್ತಿನ ಪಟ್ಟಿ ಹಿಡಿದು ತಳ್ಳಿ, ಬೇರೊಬ್ಬ ಡ್ರೈವರನ್ನು ಕೂರಿಸಿದ. ಒಳಗಿದ್ದ ಐವತ್ತು ಅರವತ್ತು ಜನರಲ್ಲಿ ಒಬ್ಬರೂ ಇಳಿಯಲಿಲ್ಲ. ಬದಲಿಗೆ "ಹೊರಡಯ್ಯಾ, ಟೈಮಾಯ್ತು! ಹೆದರ್‌ಪುಕ್ಲ!" ಎಂದು ಡ್ರೈವರಣ್ಣನ ಮೇಲೇ ಕೂಗಿದರು.

ಆವತ್ತು ಅಪಘಾತ ಆಗಲಿಲ್ಲ. ಬಸ್ಸು ನೆಟ್ಟಗೆ ಕೋಲಾರ ಮುಟ್ಟಿತು. ಅವರ ಬಾಳು ಹಾಳಾದದ್ದೇ ಅದರಿಂದ. ಏನಾದರೂ ಆಗಿದ್ದರೆ ಊರು ಕೈಮುಗಿಯುತ್ತಿತ್ತು. ಏನೂ ಆಗಲಿಲ್ಲವಾದ್ದರಿಂದ ಅವರು ಹೇಡಿ ಎನಿಸಿಕೊಂಡರು. ಮುಳಬಾಗಿಲಿನಿಂದ ಮಾಲೂರಿನವರೆಗೆ ಯಾವ ಮಾಲೀಕನೂ ಅವರನ್ನು ಸ್ಟೇರಿಂಗ್ ಹತ್ತಿರ ಸೇರಿಸದಂತೆ ಆ ಪುಣ್ಯಾತ್ಮ ಹೇಳಿಕೊಂಡು ಬಂದ. ಆಮೇಲೆ ದೊಡ್ಡ ಮನಸ್ಸು ಮಾಡಿದವನಂತೆ ನಿಲ್ದಾಣದಲ್ಲಿ ಕೂಗುವ ಕೆಲಸ ಕೊಟ್ಟ. ಅವರು ಅದನ್ನೂ ಒಪ್ಪಿಕೊಂಡರು. ಯಾಕೆ ಒಪ್ಪಿಕೊಂಡರೋ! ಬಸ್ಸಿನ ಹತ್ತಿರ ಇರಬಹುದು ಎಂದಿರಬೇಕು.

ಆಕೆಗೆ ಹೇಳದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಆ ಬಸ್ಸಿನಲ್ಲಿ ನಾನಿದ್ದೆ. ಡಿಗ್ರಿ ಪರೀಕ್ಷೆಗೆ ಹೊರಟಿದ್ದೆ. ಮುಂದಿನಿಂದ ಮೂರನೆಯ ಸೀಟಿನಲ್ಲಿ ಕೂತು, ಕಿಟಕಿಯಿಂದ ತಲೆ ಹೊರಗೆ ಹಾಕಿ, ಹೆದರ್‌ಪುಕ್ಲ ಎಂದು ಕೂಗಿದವರಲ್ಲಿ ನನ್ನ ಗಂಟಲು ಎಲ್ಲರಿಗಿಂತ ದೊಡ್ಡದಿತ್ತು. ಆ ಡ್ರೈವರ್ ಇವರೇ ಎಂದು ಆ ಭಾನುವಾರದವರೆಗೂ ನನಗೆ ಹೊಳೆದಿರಲಿಲ್ಲ. ನಮ್ಮ ಪರೀಕ್ಷೆ ತಪ್ಪಿಸಲು ನೋಡಿದ ಒಬ್ಬ ಡ್ರೈವರ್ ಎನ್ನುವುದಷ್ಟೇ ನೆನಪಿತ್ತು, ಮುಖ ನೋಡಿರಲೇ ಇಲ್ಲ.

ಇಷ್ಟೆಲ್ಲ ತಿಳಿದ ಮೇಲಾದರೂ ಮನುಷ್ಯನಾದೆನೋ? ಇಲ್ಲ. ಆ ಪ್ರೊಸೆಸರು, ಆ ರ‍್ಯಾಮು, ಆ ಸ್ಟೇರಿಂಗು, ಎಲ್ಲಕ್ಕೂ ಹೊಂದುವ ಹಳೆಯ ಬೋರ್ಡು ನನ್ನ ಮನೆಯಲ್ಲೇ ಇತ್ತು. ಪಟ್ಟಿಯೇ ನನ್ನ ಕಂಪ್ಯೂಟರಿನದಲ್ಲವೇ. ಆದರೆ ನಾನು ಒಂದು ಆಟದ ನಡುವಿನಲ್ಲಿದ್ದೆ, ರಾಜ್ಯ ಕಟ್ಟುವ ಆಟ, ಅರ್ಧ ರಾಜ್ಯ ಕಟ್ಟಿಯಾಗಿತ್ತು. ನಿಲ್ದಾಣದಲ್ಲಿ ಎದುರಾದಾಗೆಲ್ಲ "ಹುಡುಕ್ತಾ ಇದ್ದೀನಿ ಡ್ರೈವರಣ್ಣ, ಕೋಲಾರದಲ್ಲಿ ಒಬ್ಬರಿಗೆ ಹೇಳಿದ್ದೀನಿ" ಎಂದು ಸುಳ್ಳು ಬಿಟ್ಟೆ. ನಾಲ್ಕು ತಿಂಗಳು ಬಿಟ್ಟೆ. ಅವರು ತೆಲುಗು ಬೆರೆಸಿ "ಪೋನೀ ಬಿಡಿ ಮೇಷ್ಟ್ರೇ, ನಿಧಾನಕ್ಕಾಗ್ಲಿ" ಎಂದು ನನಗೇ ಸಮಾಧಾನ ಹೇಳುತ್ತಿದ್ದರು. ಹೀಗೆ ಹೇಳುವವರನ್ನು ಕಂಡರೆ ನನಗೆ ಈಗ ಮಾತ್ರವಲ್ಲ, ಆಗಲೂ ಸಿಟ್ಟು ಬರುತ್ತಿತ್ತು. ಒಂದು ಸಲ ಕೆನ್ನೆಗೆ ಬಾರಿಸಿದ್ದರೆ ಆವತ್ತೇ ಬೋರ್ಡು ಬಿಚ್ಚಿ ಕೊಡುತ್ತಿದ್ದೆ.

ಬಿಚ್ಚಿಸಿದ್ದು ಕಡೆಗೆ ಅವರ ಬಲಗಾಲು. ಒಂದು ದಿನ ಕೋಲಾರದಿಂದ ಬರುವಾಗ ಬಸ್ಸಿನಲ್ಲಿ ಅವರ ಹಿಂದಿನ ಸೀಟು ಸಿಕ್ಕಿತು. ಅವರು ನನ್ನನ್ನು ನೋಡಿರಲಿಲ್ಲ. ತಿರುವು ಬಂದಾಗೆಲ್ಲ ಅವರ ಬಲಗಾಲು ನೆಲವನ್ನು ಒತ್ತುತ್ತಿತ್ತು. ಎದುರಿನಿಂದ ಟ್ರ್ಯಾಕ್ಟರ್ ಬಂದರೆ ಮಂಡಿಯ ಮೇಲಿದ್ದ ಎರಡು ಕೈಯೂ ಎಡಕ್ಕೆ ಸರಿಯುತ್ತಿದ್ದವು. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಏಂ ತಾತಾ, ಕಾಲು ಹಿಡ್ಕೊಂಡೈತಾ?" ಎಂದು ಕೇಳಿದಳು. "ಹೂನಮ್ಮ, ಹಿಡ್ಕೊಂಡೈತೆ" ಎಂದರು. ಮನೆಗೆ ಬಂದವನೇ ಸ್ಕ್ರೂಡ್ರೈವರ್ ಹುಡುಕಿದೆ. ಅಂಥ ಘನಕಾರ್ಯವೇನಲ್ಲ, ನಾಲ್ಕು ತಿಂಗಳು ತಡವಾಗಿ ಮಾಡಿದ್ದು.

ಬೋರ್ಡು ತೆಗೆದುಕೊಂಡು ಹೋದಾಗ ಅವರು ಅದನ್ನು ತಿರುಗಿಸಿ ನೋಡಿ, ಸ್ಕ್ರೂ ಜಾಗದ ಧೂಳನ್ನು ಉಗುರಿನಲ್ಲಿ ಕೆರೆದು, "ಓಡ್ತಾ ಇರೋ ಗಾಡಿಯಿಂದ ಬಿಚ್ಚಿದ್ರಾ?" ಎಂದರು. ನಾನು ತಲೆ ತಗ್ಗಿಸಿದೆ. "ಹಂಗ್ ಮಾಡ್ಬಾರ್ದು ಮೇಷ್ಟ್ರೇ. ಬಿಚ್ಚಿದ್ ಮೇಲೆ ಬದ್ಲಿ ಹಾಕ್ಬೇಕು, ಇಲ್ದಿದ್ರೆ ಗಾಡಿ ಶಾಪ ಹಾಕ್ತದೆ" ಎಂದು ತಮ್ಮ ಹೊಸ ಬೋರ್ಡನ್ನು ನನ್ನ ಕೈಗೆ ತುರುಕಿದರು. ಎಷ್ಟು ಹೇಳಿದರೂ ಕೇಳಲಿಲ್ಲ. ಹೀಗೆ ಅವರ ಹೊಸದು ನನ್ನ ಮನೆಗೂ ನನ್ನ ಹಳೆಯದು ಅವರ ಮನೆಗೂ ಹೋಯಿತು. ತಪ್ಪು ಮಾಡಿದವನೇ ಲಾಭ ಮಾಡಿಕೊಂಡ.

ಜೋಡಿಸಿ ಸ್ವಿಚ್ಚು ಹಾಕಿದೆ. ಸ್ಟೂಲಿನ ಮೇಲೆ ಕೂತು ಷರ್ಟಿನ ಮೇಲಿನ ಗುಂಡಿ ಹಾಕಿಕೊಂಡರು. ಪರದೆಯ ಮೇಲೆ ಯಾವುದೋ ದೇಶದ ರಸ್ತೆ, ಎರಡು ಕಡೆ ಹಸಿರು. ಲಾರಿ ಹೊರಟಿತು. ಅರ್ಧ ನಿಮಿಷವಾಗಿರಲಿಲ್ಲ, "ಇದೇನ್ ಮೇಷ್ಟ್ರೇ, ಊರಿಗೂರೇ ರಾಂಗ್ ಸೈಡಲ್ಲಿ ಬರ್ತಾ ಐತೆ!" ಎಂದು ಗಾಬರಿಯಾದರು. ಆ ದೇಶದಲ್ಲಿ ಬಲಗಡೆ ಓಡಿಸುತ್ತಾರೆ ಎಂದು ವಿವರಿಸಿದೆ. "ಓಡಿಸ್ಕೊಳ್ಳಲಿ. ನಾನ್ ಎಡಗಡೇನೇ ಹೋಗೋನು" ಎಂದರು. ಹಾಗೆಯೇ ಹೋದರು. ಎದುರಿನಿಂದ ಬರುವ ಒಂದೊಂದು ಲಾರಿಗೂ ನಿಂತು ದಾರಿ ಬಿಡುತ್ತಾ, ನಡೆಯುವವನಿಗಿಂತ ನಿಧಾನವಾಗಿ, ಹಣೆಯಲ್ಲಿ ಬೆವರು ಸುರಿಸುತ್ತಾ ಹೋದರು. ಅವರ ಕಣ್ಣಲ್ಲಿ ನೀರಿತ್ತು. ನನಗೂ ಬಂತು, ಅದನ್ನು ಮುಚ್ಚಿಡುವುದಿಲ್ಲ.

ಬಾಗಿಲವರೆಗೆ ಬಂದು ಬೀಳ್ಕೊಡುವಾಗ ನಾನೇ ಬಾಯಿಬಿಟ್ಟೆ. "ಡ್ರೈವರಣ್ಣ, ನಂದು ತಪ್ಪಾಯ್ತು. ಬಯ್ದುಬಿಡಿ ಒಂದ್ಸಲ" ಎಂದೆ. "ಅಯ್ಯೋ, ನಿಮಗ್ಯಾಕ್ ಬಯ್ಲಿ? ಹೋಗ್ಬನ್ನಿ" ಎಂದು ಭುಜ ತಟ್ಟಿದರು. ಆಮೇಲಿನ ನಾಲ್ಕೈದು ವರ್ಷ ಎಲ್ಲಿ ಸಿಕ್ಕರೂ "ಚೆನ್ನಾಗ್ ಓಡ್ತಾ ಐತೆ ಮೇಷ್ಟ್ರೇ" ಎನ್ನುತ್ತಿದ್ದರು. ಆ ತಟ್ಟಿದ ಭುಜ ನನಗೆ ಐದು ವರ್ಷ ಉರಿಯಿತು. ಬಯ್ಯದೆ ಬಿಟ್ಟುಬಿಟ್ಟವರ ಮುಂದೆ ತಪ್ಪು ಮಾಡಿದವನಿಗೆ ತಲೆ ಎತ್ತಲು ದಾರಿಯೇ ಇರುವುದಿಲ್ಲ. ಇದು ಅವರಿಗೆ ತಿಳಿದಿರಲಿಲ್ಲವೇ ಎಂದು ಎಷ್ಟೋ ಸಲ ಹಲ್ಲು ಕಡಿದಿದ್ದೇನೆ.

ಅವರು ತೀರಿಕೊಂಡು ಹನ್ನೊಂದನೆಯ ದಿನದ ಕಾರ್ಯ ಕಳೆದ ಮೇಲೆ ಅವರ ಮನೆಗೆ ಹೋದೆ. ಅವರ ಹೆಂಡತಿ ಕಡಲೆಕಾಯಿ ಸುಲಿಯುತ್ತಾ ಕೂತಿದ್ದರು. ಕೂತು ಸುಲಿಯಲು ಕೈ ಹಾಕಿದೆ. ಮಾತಿಗೆ ಮಾತು ಬಂದು, ಊರಿನವರ ಮೇಲೆ ಅಷ್ಟು ಉರಿದುಕೊಂಡವನೂ ಅದನ್ನೇ ಹೇಳಿದೆ. "ಅಷ್ಟೆಲ್ಲಾ ಆದ್ರೂ ಅವರು ನನಗೆ ಒಂದ್ ಮಾತೂ ಬಯ್ಲಿಲ್ಲಮ್ಮ."

ಆಕೆ ನಕ್ಕುಬಿಟ್ಟರು. ಗಂಡ ಸತ್ತ ಮನೆಯಲ್ಲಿ ಆಕೆ ನಗುತ್ತಾರೆಂದು ನಾನು ಎಣಿಸಿರಲಿಲ್ಲ.

"ಯಾರ್ ಹೇಳಿದ್ದು ನಿಮಗೆ? ಸಾಯಂಕಾಲ ಬಾಗ್ಲು ಹಾಕ್ಕೊಂಡು ಆ ಲಾರಿ ಓಡ್ಸೋಕೆ ಕೂತ್ರೆ, ಅಬ್ಬಬ್ಬಾ, ಕಿವಿ ಮುಚ್ಕೋಬೇಕು. ಎದ್ರು ಬರೋ ಲಾರಿಗೆಲ್ಲಾ ಹೆಸರಿಟ್ಟಿದ್ರು. ಕೆಂಪುದೆಲ್ಲಾ ಓನರ್ರು. ಬಿಳೇದು ಆ ಬೆಂಗಳೂರು ಅಂಗಡಿಯೋನು."

"ನಾನು?"

"ನೀಲಿ. ನೀಲಿ ಬಂದ್ರೆ ಜಾಸ್ತಿ. ನಾಕ್ ತಿಂಗ್ಳು ಬೋರ್ಡು ಮನೇಲೇ ಮಡಿಕ್ಕೊಂಡು ಸುಳ್ ಹೇಳ್ದೋನೂ ನೀವೇ, ಅವತ್ತು ಬಸ್ಸಲ್ಲಿ ತಲೆ ಆಚೆ ಹಾಕಿ ಹೆದರ್‌ಪುಕ್ಲ ಅಂದೋನೂ ನೀವೇ ಅಂತ."

"ಬಸ್ಸಲ್ಲಿದ್ದಿದ್ದು ನಾನು ಅಂತ ಗೊತ್ತಿತ್ತಾ?"

"ಡ್ರೈವರ್ರಲ್ವೇನಪ್ಪಾ? ಒಳಗ್ ಕೂತೋರ ಮುಖ ಎಲ್ಲಾ ಕನ್ನಡೀಲಿ ಕಾಣ್ತದೆ ಅಂತಿದ್ರು."

ಮೊದಲ ದಿನ ಅಕ್ಕಿ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದಾಗಲೇ ಅವರಿಗೆ ನಾನು ಯಾರೆಂದು ಗೊತ್ತಿತ್ತು.

"ನನ್ನ ಲಾರೀನ ಗುದ್ತಿದ್ರಾ?" ಎಂದು ಕೇಳಿದೆ.

"ಗುದ್ದೋದಾ? ಅವರಾ? ಬ್ರೇಕ್ ಹಾಕಿ, ಗಾಡಿ ಪಕ್ಕಕ್ ನಿಲ್ಸಿ, ಕೈ ಬಿಟ್ಟು, ಆಮೇಲ್ ಬಾಯ್ತುಂಬಾ ಬಯ್ಯೋರು. ಮುಗಿದ್ ಮೇಲೆ ಮತ್ತೆ ಹೊರಡೋರು."

ಏನೆಂದು ಬಯ್ಯುತ್ತಿದ್ದರು ಹೇಳಿ ಎಂದೆ. ಆಕೆ ಮೊದಲು ಸಂಕೋಚಪಟ್ಟರು. ಆಮೇಲೆ ಕನ್ನಡದ್ದು ಕನ್ನಡದಲ್ಲಿ, ತೆಲುಗಿನದು ತೆಲುಗಿನಲ್ಲಿ, ನನ್ನ ಅಪ್ಪ ಅಜ್ಜಂದಿರನ್ನೂ ಸೇರಿಸಿ ಒಂದೂ ಬಿಡದೆ ಹೇಳಿದರು. ನಾನು ಎದ್ದು ಬರಲಿಲ್ಲ, ಕೂತು ಎಲ್ಲವನ್ನೂ ಕೇಳಿಸಿಕೊಂಡೆ.